ಪಣದ ದರದಲ್ಲಿ ಅಡಗಿರುವ ಸಭಿಕಭಾಗ

೧. ಪೀಠಿಕೆ

ಜೂಜಿನ ವಿಚಾರವು ಧರ್ಮಶಾಸ್ತ್ರಗಳಲ್ಲಿ ವ್ಯವಹಾರಪದಗಳ ಪೈಕಿ ಒಂದಾಗಿ ಬಂದಿರುವುದು ವಿದ್ವಾಂಸರಿಗೆ ವಿದಿತವಾದ ಸಂಗತಿಯೇ. ದಾಳ ಮೊದಲಾದ ಅಚೇತನ ವಸ್ತುಗಳಿಂದ ಆಡುವುದನ್ನು ದ್ಯೂತವೆಂದೂ, ಪ್ರಾಣಿಗಳನ್ನು ಸ್ಪರ್ಧೆಗಿಳಿಸಿ ಅವುಗಳ ಸೋಲುಗೆಲುವುಗಳ ಮೇಲೆ ಪಣವೊಡ್ಡುವುದನ್ನು ಸಮಾಹ್ವಯವೆಂದೂ ಮನುಸ್ಮೃತಿಯು ವಿಂಗಡಿಸುವುದು. ಈ ವಿಭಾಗವನ್ನನುಸರಿಸಿದರೆ ಕುದುರೆಯ ಪಂದ್ಯ, ಫುಟ್‌ಬಾಲ್, ಕ್ರಿಕೆಟ್ ಮೊದಲಾದುವುಗಳ ಮೇಲೆ ಈಗ ನಡೆಯುವ ಬಾಜಿಯೆಲ್ಲವೂ ಸಮಾಹ್ವಯದ ಜಾತಿಗೆ ಸೇರತಕ್ಕುದು. ಇವೆರಡನ್ನೂ ರಾಜನು ತನ್ನ ರಾಜ್ಯದಿಂದ ಹೊರಗಟ್ಟಬೇಕೆಂಬುದು ಮನುವಿನ ಮತ. ಯಾಜ್ಞವಲ್ಕ್ಯನ ಮತವು ಬೇರೆ. ಆತನು ಜೂಜನ್ನು ರಾಜನ ಮೇಲ್ವಿಚಾರಣೆಗೆ ಒಳಪಡಿಸಿ, ಜೂಜಿನ ಸಭೆಯನ್ನು ನಡೆಯಿಸುವ ಸಭಿಕನೆಂಬವನಿಗೆ ಗೊತ್ತಾದ ಭಾಗವೊಂದನ್ನು ವಿಧಿಸಿರುವನು. ಗೆದ್ದವನ ಲಾಭವು ನೂರು ಅಥವಾ ಅದಕ್ಕೆ ಮೇಲ್ಪಟ್ಟಿದ್ದರೆ ಅದರಲ್ಲಿ ಸಭಿಕನಿಗೆ ನೂರಕ್ಕೆ ೫; ಉಳಿದವರ ವಿಷಯದಲ್ಲಿ ನೂರಕ್ಕೆ ೧೦. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ತನ್ನ ಮಿತಾಕ್ಷರಾ ವ್ಯಾಖ್ಯಾನದಲ್ಲಿ ಈ ಭಾಗಗಳನ್ನು ಇಪ್ಪತ್ತನೆಯ ಒಂದು ಪಾಲು, ಹತ್ತನೆಯ ಒಂದು ಪಾಲು ಎಂದು ಬಿಡಿಸಿ ಹೇಳಿರುವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಗೆದ್ದ ದ್ರವ್ಯದಲ್ಲಿ ನೂರಕ್ಕೆ ೫ ದ್ಯೂತಾಧ್ಯಕ್ಷನಿಗೆ ಸಲ್ಲತಕ್ಕದ್ದೆಂದು ಇರುವುದು.

ಈ ವಿಧಿಗಳಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಸಭಿಕನ ಭಾಗವು ಇಷ್ಟೆಂಬುದು ಆಟಕ್ಕೆ ಮೊದಲೇ ಎಲ್ಲರಿಗೂ ತಿಳಿದಿರುತ್ತಿತ್ತು. ಈಗಿನ ಸಭಿಕನಾದ ಬುಕ್‌ಮೇಕರನ ಸಭೆಯಾದರೋ ಅಂತರ್ಜಾಲದಲ್ಲಿರುವುದು. ಆತನು ತನ್ನ ಭಾಗವನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಣಕ್ಕೆ ತಾನು ಕೊಡುವ ದರದೊಳಗೆಯೇ ಅದನ್ನು ಅಡಗಿಸಿಡುವನು. ಇಂಗ್ಲಿಷಿನಲ್ಲಿ ಮಾರ್ಜಿನ್ ಎಂದು ಕರೆಯುವ ಈ ಗುಪ್ತಭಾಗಕ್ಕೆ ಪ್ರಕೃತ ಲೇಖನದಲ್ಲಿ ‘ಸಭಿಕಭಾಗ’ವೆಂಬ ಹೆಸರನ್ನೇ ಉಪಯೋಗಿಸಲಾಗಿದೆ. ಅದನ್ನು ದರದಿಂದ ಹೊರತೆಗೆಯುವ ಬಗೆ ಹೇಗೆ, ಒಬ್ಬ ಬುಕ್‌ಮೇಕರನ ಭಾಗವನ್ನು ಇನ್ನೊಬ್ಬನದರೊಡನೆ ಹೋಲಿಸುವುದು ಹೇಗೆ, ಆ ಹೋಲಿಕೆಯಿಂದ ತಿಳಿಯುವುದೇನು, ತಿಳಿಯದೆ ಉಳಿಯುವುದೇನು ಎಂಬ ವಿಷಯಗಳು ಮುಂದೆ ವಿಚಾರಿಸಲ್ಪಡುವುವು.

೨. ದರದ ಅರ್ಥ

ದರವನ್ನು ಬರೆಯುವ ಪದ್ಧತಿಗಳು ದೇಶದಿಂದ ದೇಶಕ್ಕೆ ಬೇರೆಯಾಗಿವೆ. ಬ್ರಿಟನ್ನಿನ ಕುದುರೆಯ ಪಂದ್ಯಗಳಲ್ಲಿ ‘೨ಕ್ಕೆ ೫’ ಎಂಬಂತೆ ಭಿನ್ನರಾಶಿಯಲ್ಲಿ ಹೇಳುವರು. ಎರಡನ್ನು ಒಡ್ಡಿ ಗೆದ್ದವನಿಗೆ ಐದು ಲಾಭವೆಂದು ಅದರ ಅರ್ಥ. ಯೂರೋಪು ಖಂಡದಲ್ಲಿಯೂ ಅಂತರ್ಜಾಲದ ಬಹುಭಾಗದಲ್ಲಿಯೂ ದಶಮಾಂಶ ಪದ್ಧತಿಯು ರೂಢಿಯಲ್ಲಿರುವುದು. ಇದರಲ್ಲಿ ಒಂದು ರೂಪಾಯಿಯನ್ನು ಒಡ್ಡಿ ಗೆದ್ದವನ ಕೈಗೆ ಒಡ್ಡಿದ ಹಣವೂ ಸೇರಿ ಬರುವ ಮೊತ್ತವೇ ದರ. ಮೇಲ್ಕಂಡ ೨ಕ್ಕೆ ೫ ಎಂಬುದು ಈ ಪದ್ಧತಿಯಲ್ಲಿ ೩.೫೦ ಆಗುವುದು. ಲೆಕ್ಕಕ್ಕೆ ಇದೇ ಅನುಕೂಲವಾದುದು.

ನಾಣ್ಯವನ್ನು ಚಿಮ್ಮಿದರೆ ಎರಡು ಮುಖಗಳಿಗೂ ಸಂಭವವು ಸಮ. ಯಾವ ಮುಖದ ಮೇಲೆ ಪಣವೊಡ್ಡಿದರೂ ನ್ಯಾಯವಾದ ದರವು ೨.೦೦. ಆಗ ದೀರ್ಘಕಾಲದಲ್ಲಿ ಆಟಗಾರನಿಗೂ ನಷ್ಟವಿಲ್ಲ, ಸಭಿಕನಿಗೂ ಲಾಭವಿಲ್ಲ. ನೂರನ್ನು ದರದಿಂದ ಭಾಗಿಸಿದರೆ ಆ ದರವು ಸೂಚಿಸುವ ಸಂಭವವು ದೊರೆಯುವುದು. ೨.೦೦ ದರಕ್ಕೆ ಅದು ೫೦. ಎರಡು ಮುಖಗಳದನ್ನೂ ಕೂಡಿಸಿದರೆ ಸರಿಯಾಗಿ ೧೦೦. ಈಗ ಬುಕ್‌ಮೇಕರನು ಎರಡು ಮುಖಗಳಿಗೂ ೧.೯೦ರಂತೆ ದರವನ್ನು ಕೊಟ್ಟನೆಂದಿಟ್ಟುಕೊಂಡರೆ, ಪ್ರತಿಯೊಂದು ದರವೂ ಸೂಚಿಸುವ ಸಂಭವವು ೫೨.೬೩, ಮೊತ್ತವು ೧೦೫.೨೬. ಸಂಭವಗಳ ಮೊತ್ತವು ನೂರನ್ನು ಮೀರಲಾರದು. ಆದುದರಿಂದ ಮೀರಿದ ೫.೨೬ ಎಂಬುದು ಸಂಭವದ ಭಾಗವಲ್ಲ, ಸಭಿಕನು ಸೇರಿಸಿದುದು. ಬುಕ್‌ಮೇಕರರ ಪರಿಭಾಷೆಯಲ್ಲಿ ಓವರ್‌ರೌಂಡ್ ಎನಿಸಿಕೊಳ್ಳುವ ಈ ಹೆಚ್ಚಳವನ್ನು ‘ಶತಾಧಿಕ’ವೆಂದು ಕರೆಯಬಹುದು.

೩. ಒಂದೇ ಭಾಗಕ್ಕೆ ಮೂರು ಅಳತೆಗಳು

ಇಲ್ಲಿ ಹೋಲಿಕೆಯನ್ನು ಕೆಡಿಸುವ ತೊಡಕೊಂದು ತಲೆದೋರುವುದು. ೧.೯೦ರ ದರದಲ್ಲಿ ಶತಾಧಿಕವು ೫.೨೬ ಆದರೂ ಒಡ್ಡಿದ ಹಣದಲ್ಲಿ ಸಭಿಕನಿಗೆ ಉಳಿಯುವುದು ಅಷ್ಟಲ್ಲ. ಎರಡು ಮುಖಗಳ ಮೇಲೂ ನೂರು ನೂರು ರೂಪಾಯಿಗಳು ಬಿದ್ದರೆ ಆತನಿಗೆ ಬಂದುದು ೨೦೦, ಗೆದ್ದವನಿಗೆ ಕೊಟ್ಟುದು ೧೯೦. ಉಳಿದುದು ಇನ್ನೂರಕ್ಕೆ ೧೦, ಎಂದರೆ ನೂರಕ್ಕೆ ಸರಿಯಾಗಿ ೫. ಅಲ್ಲದೆ ಗೆದ್ದವನ ದೃಷ್ಟಿಯಿಂದ ನೋಡಿದರೆ, ಆತನಿಗೆ ನ್ಯಾಯವಾಗಿ ಬರಬೇಕಾಗಿದ್ದ ಲಾಭವು ೧೦೦, ಬಂದುದು ೯೦; ಆದುದರಿಂದ ಲಾಭದಲ್ಲಿ ಕಳೆದುದು ನೂರಕ್ಕೆ ೧೦. ಹೀಗೆ ಒಂದೇ ದರದ ಒಂದೇ ಭಾಗವನ್ನು ಶತಾಧಿಕದಿಂದ ಅಳೆದರೆ ೫.೨೬, ಒಡ್ಡಿದ ಹಣದಿಂದ ಅಳೆದರೆ ೫, ಲಾಭದಿಂದ ಅಳೆದರೆ ೧೦ ಆಗುವುದು.

ಯಾಜ್ಞವಲ್ಕ್ಯನ ಅಳತೆಯು ಮೂರನೆಯದು. ಆದುದರಿಂದ ಆತನು ಹೇಳುವ ನೂರಕ್ಕೆ ೧೦ರ ಭಾಗವು ಸಮಪಣದ ಆಟದಲ್ಲಿ ಈಗಿನ ೧.೯೦ರ ದರಕ್ಕೆ ಸಮಾನವಾದುದು. ನೂರಕ್ಕೆ ೫ರ ಭಾಗವು ೧.೯೫ರ ದರಕ್ಕೆ ಸಮಾನವಾದುದು. ಎರಡನೆಯದರಲ್ಲಿ ಒಡ್ಡಿದ ಹಣದ ಮೇಲೆ ಸಭಿಕನಿಗೆ ಸಲ್ಲುವುದು ನೂರಕ್ಕೆ ಎರಡೂವರೆ ಮಾತ್ರ. ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿರುವಂತೆ ೧೦೦ನ್ನು ಗೆಲ್ಲಬೇಕಾದರೆ ೧೧೦ನ್ನು ಒಡ್ಡತಕ್ಕುದೆಂಬ ಕ್ರಮವು ಇವೆರಡರ ನಡುವೆ ಬೀಳುವುದು. ಅದರಲ್ಲಿ ಒಡ್ಡಿದ ಹಣದ ಮೇಲಿನ ಭಾಗವು ಸುಮಾರು ೪.೫೫. ಇದರಿಂದ ವ್ಯಕ್ತಪಡುವುದೇನೆಂದರೆ, ಇಬ್ಬರ ಭಾಗಗಳನ್ನು ಹೋಲಿಸುವವನು ಮೊದಲು ಇಬ್ಬರಿಗೂ ಒಂದೇ ಅಳತೆಯನ್ನು ಹಿಡಿಯಬೇಕು. ಈ ಲೇಖನದಲ್ಲಿ ಇನ್ನು ಮುಂದೆ ಸಭಿಕಭಾಗವೆಂದರೆ ಒಡ್ಡಿದ ಹಣದ ನೂರರಲ್ಲಿ ಉಳಿಯುವ ಭಾಗವೆಂದೇ ತಿಳಿಯತಕ್ಕುದು.

೪. ಭಾಗವು ದರದೊಳಗೆ ಸೇರಿದ ಬಗೆ

ಇಂಗ್ಲೆಂಡಿನಲ್ಲಿ ಮೊದಮೊದಲು ಕುದುರೆಯ ಪಂದ್ಯದ ಪಣವು ಕುದುರೆಗಳ ಒಡೆಯರೊಳಗೇ ನಡೆಯುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನ್ಯೂಮಾರ್ಕೆಟ್ಟಿನ ಮೈದಾನದಲ್ಲಿ ಆಗ್ಡನ್ ಎಂಬವನು ಪಂದ್ಯದ ಒಂದೊಂದು ಕುದುರೆಗೂ ಬೇರೆ ಬೇರೆ ದರವನ್ನು ಕೂಗಿ ಎಲ್ಲರ ಪಣವನ್ನೂ ಸ್ವೀಕರಿಸುತ್ತಿದ್ದನೆಂದೂ, ಬುಕ್‌ಮೇಕರನ ವೃತ್ತಿಯು ಆತನಿಂದಲೇ ಮೊದಲಾಯಿತೆಂದೂ ಇತಿಹಾಸಕಾರರು ಸಾಮಾನ್ಯವಾಗಿ ಹೇಳುವರು. ಎಲ್ಲ ಕುದುರೆಗಳಿಗೂ ಒಬ್ಬನೇ ದರವನ್ನು ಕಟ್ಟತೊಡಗಿದಾಗ ಆ ದರಗಳ ಮೊತ್ತದಲ್ಲಿ ತನ್ನ ಭಾಗವನ್ನು ಸೇರಿಸುವುದು ಆತನಿಗೆ ಸಾಧ್ಯವಾಯಿತು.

ಇದಕ್ಕೆ ಪ್ರತಿಯಾದ ಇನ್ನೊಂದು ಕ್ರಮವು ಪ್ಯಾರಿಸ್ಸಿನಲ್ಲಿ ೧೮೬೦ರ ದಶಕದಲ್ಲಿ ಹುಟ್ಟಿತು. ಜೋಸೆಫ್ ಓಲೆ ಎಂಬವನು ಪಣದ ಹಣವನ್ನೆಲ್ಲ ಒಂದೆಡೆ ಕೂಡಿಸಿ, ಅದರಿಂದ ಗೊತ್ತಾದ ಭಾಗವನ್ನು ಕಳೆದು, ಮಿಕ್ಕುದನ್ನು ಗೆದ್ದವರಿಗೆ ಹಂಚುವ ಏರ್ಪಾಡನ್ನು ಮಾಡಿದನು. ೧೯೧೩ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಎಲರ್ಸ್ಲಿಯೆಂಬ ಪಂದ್ಯದ ಮೈದಾನದಲ್ಲಿ ಜಾರ್ಜ್ ಜೂಲಿಯಸ್ ಎಂಬ ಎಂಜಿನಿಯರನು ಈ ಲೆಕ್ಕಕ್ಕಾಗಿಯೇ ದೊಡ್ಡ ಯಂತ್ರವೊಂದನ್ನು ಸ್ಥಾಪಿಸಿದನು. ಟೋಟಲೈಸೇಟರ್ ಎನಿಸುವ ಈ ಕ್ರಮದಲ್ಲಿ ಸಭಿಕನ ಭಾಗವು ಮುಚ್ಚುಮರೆಯಿಲ್ಲದುದು. ಅದು ಯಾಜ್ಞವಲ್ಕ್ಯನ ಕ್ರಮಕ್ಕೆ ಹತ್ತಿರದ್ದು. ಬುಕ್‌ಮೇಕರನ ಕ್ರಮದಲ್ಲಿಯಾದರೋ ಆಟಗಾರನು ಲೆಕ್ಕ ಹಾಕಿ ಅದನ್ನು ಕಂಡುಕೊಳ್ಳಬೇಕು.

ಬ್ರಿಟನ್ನಿನಲ್ಲಿ ೧೯೬೦ರ ಕಾಯಿದೆಯ ಮೇರೆಗೆ ೧೯೬೧ರಲ್ಲಿ ಬೀದಿಯ ಪಣದಂಗಡಿಗಳು ಸಕ್ರಮವಾಗಿ ತೆರೆದುವು. ಆ ಅಂಗಡಿಗಳಲ್ಲಿ ೨೦೦೧ರ ಅಕ್ಟೋಬರಿನವರೆಗೆ, ಸರಕಾರದ ತೆರಿಗೆಯ ನಿಮಿತ್ತವಾಗಿ, ನೂರಕ್ಕೆ ೯ರಷ್ಟನ್ನು ಆಟಗಾರನಿಂದ ಬೇರೆಯಾಗಿ ವಸೂಲು ಮಾಡುತ್ತಿದ್ದರು. ದರದೊಳಗಿನ ಸಭಿಕಭಾಗವು ೬ ಎಂದಿಟ್ಟುಕೊಂಡರೂ, ೧೦೯ನ್ನು ತೆತ್ತವನಿಗೆ ಸರಾಸರಿಯಲ್ಲಿ ಹಿಂದಿರುಗುತ್ತಿದ್ದುದು ೯೪. ಎಂದರೆ ವಾಸ್ತವವಾದ ನಷ್ಟವು ನೂರಕ್ಕೆ ೧೩.೮. ಅಂತರ್ಜಾಲದ ಮೂಲಕ ಪಣವೊಡ್ಡುವುದು ೧೯೯೬ರಲ್ಲಿ ಪ್ರಾರಂಭವಾದ ತರುವಾಯ, ತೆರಿಗೆಯಿಲ್ಲದ ಜಿಬ್ರಾಲ್ಟರ್ ಮೊದಲಾದ ಎಡೆಗಳಿಗೆ ವ್ಯಾಪಾರವು ವಲಸೆ ಹೋಗತೊಡಗಿತು. ಆಗ ಬ್ರಿಟಿಷ್ ಸರಕಾರವು ಪಣದ ಮೇಲಿನ ತೆರಿಗೆಯನ್ನು ಕೈಬಿಟ್ಟು ಬುಕ್‌ಮೇಕರನಿಗೆ ಉಳಿದ ಮೊತ್ತದ ಮೇಲೆ ನೂರಕ್ಕೆ ೧೫ರಂತೆ ತೆರಿಗೆಯನ್ನು ವಿಧಿಸಿತು. ತೆರಿಗೆಯು ಒಡ್ಡಿದ ಹಣವನ್ನು ಬಿಟ್ಟು ಉಳಿತಾಯದ ಮೇಲೆ ಬಿದ್ದುದರಿಂದಲೇ ಸಣ್ಣ ಭಾಗವನ್ನಿಟ್ಟು ಹೆಚ್ಚು ವ್ಯಾಪಾರವನ್ನು ಮಾಡುವುದು ಅಲ್ಲಿ ಲಾಭಕರವಾಯಿತು.

೫. ಎರಡು ಅಂಗಡಿಗಳ ಹೋಲಿಕೆ

ಫುಟ್‌ಬಾಲ್ ಪಂದ್ಯವೊಂದಕ್ಕೆ ಮೂರು ಫಲಗಳುಂಟು: ಆತಿಥೇಯ ತಂಡದ ಗೆಲುವು, ಸಮ, ಅತಿಥಿ ತಂಡದ ಗೆಲುವು. ಉದಾಹರಣೆಗಾಗಿ ‘ಕ’ ಎಂಬ ಬುಕ್‌ಮೇಕರನು ಇವುಗಳಿಗೆ ಕ್ರಮವಾಗಿ ೨.೧೮, ೩.೨೦, ೩.೩೦ ಎಂದೂ, ‘ಖ’ ಎಂಬವನು ೨.೧೫, ೩.೪೫, ೩.೬೫ ಎಂದೂ ದರಗಳನ್ನು ಕೊಟ್ಟರೆಂದು ಭಾವಿಸತಕ್ಕುದು. ನೂರನ್ನು ಒಂದೊಂದು ದರದಿಂದಲೂ ಭಾಗಿಸಿ ಕೂಡಿಸಿದರೆ ಕ ಎಂಬವನ ಮೊತ್ತವು ೧೦೭.೪, ಖ ಎಂಬವನದು ೧೦೨.೯. ನೂರನ್ನು ಈ ಮೊತ್ತದಿಂದ ಭಾಗಿಸಿ ಒಂದರಿಂದ ಕಳೆದರೆ ಸಭಿಕಭಾಗವು ದೊರೆಯುವುದು; ಶೇಕಡಾ ಲೆಕ್ಕದಲ್ಲಿ ಕ ಎಂಬವನಿಗೆ ಸುಮಾರು ೬.೯, ಖ ಎಂಬವನಿಗೆ ಸುಮಾರು ೨.೮. ಇಷ್ಟಕ್ಕೇ ನಿಂತರೆ ಖ ಎಂಬವನ ಅಂಗಡಿಯೇ ಅಗ್ಗವೆಂದು ತೀರ್ಮಾನವಾಗುವುದು.

ಆದರೆ ಆತಿಥೇಯ ತಂಡದ ಮೇಲೆ ಪಣವೊಡ್ಡುವವನಿಗೆ ೨.೧೫ಕ್ಕಿಂತ ೨.೧೮ ಮೇಲು, ಆತನಿಗೆ ಹೆಚ್ಚು ಭಾಗವನ್ನು ಕೀಳುವ ಕ ಎಂಬವನ ಅಂಗಡಿಯೇ ಲೇಸಾಯಿತು. ಏಕೆಂದರೆ ಸಭಿಕಭಾಗವು ದರಗಳ ಒಟ್ಟು ಪಟ್ಟಿಯ ಗುಣ, ಒಂದೊಂದು ದರದ ಗುಣವಲ್ಲ. ಇಬ್ಬರ ಪಟ್ಟಿಗಳಿಂದಲೂ ಒಂದೊಂದು ಫಲಕ್ಕೆ ಮೇಲಾದ ದರವನ್ನು ಆರಿಸಿದರೆ ಮೊತ್ತವು ೧೦೨.೩ಕ್ಕೆ ಇಳಿಯುವುದು. ಅಂಗಡಿಗಳ ಸಂಖ್ಯೆಯು ಹೆಚ್ಚಿದಂತೆಲ್ಲ ಈ ಮೊತ್ತವು ನೂರಕ್ಕೆ ಸಮೀಪಿಸುವುದು. ಒಮ್ಮೊಮ್ಮೆ ಅದಕ್ಕಿಂತ ಕೆಳಗೂ ಹೋಗುವುದುಂಟು.

ಹೋಲಿಕೆಗೆ ಇನ್ನೂ ಕೆಲವು ನಿಯಮಗಳಿವೆ. ಮೊದಲನೆಯದಾಗಿ, ಹೋಲಿಸುವ ದರಗಳು ಒಂದೇ ಕ್ಷಣದವಾಗಿರಬೇಕು. ಪಂದ್ಯವು ಸಮೀಪಿಸಿದಂತೆ ದರಗಳು ಬದಲಾಗುವುವಷ್ಟೆ. ಎರಡನೆಯದಾಗಿ, ಫಲಗಳ ಪಟ್ಟಿಯು ಸಂಪೂರ್ಣವಾಗಿರಬೇಕು. ಮೂರನೆಯದಾಗಿ, ಒಂದಕ್ಕಿಂತ ಹೆಚ್ಚು ಫಲಗಳು ಗೆಲ್ಲುವಂತಹ ಪಣದಲ್ಲಿ ನ್ಯಾಯವಾದ ಮೊತ್ತವು ನೂರಲ್ಲ. ಮೊದಲ ನಾಲ್ಕು ಸ್ಥಾನಗಳೊಳಗೆ ಯಾವ ತಂಡಗಳು ಬರುವುವೆಂಬ ಪಣಕ್ಕೆ ಅದು ೪೦೦. ಕೊನೆಯದಾಗಿ, ಒಂದೇ ಅಂಗಡಿಯಲ್ಲಿಯೂ ಪಣದ ಜಾತಿಗೆ ತಕ್ಕಂತೆ ಭಾಗವು ಬೇರೆಯಾಗುವುದು. ಗೆಲುವುಸೋಲುಗಳ ಮೇಲಿನ ಪಣದಲ್ಲಿ ಅದು ಸಣ್ಣದಾಗಿದ್ದರೂ, ಇಂತಿಷ್ಟೇ ಗೋಲುಗಳೆಂಬ ಹಲವು ಫಲಗಳ ಪಣದಲ್ಲಿ ಸಾಮಾನ್ಯವಾಗಿ ಬಹಳ ದೊಡ್ಡದಾಗಿರುವುದು. ಆದುದರಿಂದ ಪ್ರಸಿದ್ಧವಾದ ಒಂದೆರಡು ಪಂದ್ಯಗಳ ದರವನ್ನು ನೋಡಿ ಇಡೀ ಅಂಗಡಿಯ ಬೆಲೆಯನ್ನು ನಿರ್ಣಯಿಸುವುದು ಯುಕ್ತವಲ್ಲ.

೬. ಭಾಗದ ವಿಷಮ ಹಂಚಿಕೆ

ಸಭಿಕನು ತನ್ನ ಭಾಗವನ್ನು ಎಲ್ಲ ಫಲಗಳ ಮೇಲೂ ಒಂದೇ ಪ್ರಮಾಣದಲ್ಲಿ ಹೇರುವನೆಂದು ಮೇಲಿನ ಲೆಕ್ಕದಿಂದ ತೋರಬಹುದು. ವಾಸ್ತವವು ಹಾಗಿಲ್ಲ. ಅಮೆರಿಕದ ಕುದುರೆಯ ಪಂದ್ಯಗಳ ದರಗಳನ್ನು ಪರೀಕ್ಷಿಸಿ ಗ್ರಿಫಿತ್ ಎಂಬ ಮನಃಶಾಸ್ತ್ರಜ್ಞನು ೧೯೪೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗೆಲ್ಲುವ ಸಂಭವವು ಕಡಮೆಯಾದ ಕುದುರೆಗಳ ಮೇಲೆ ಜನರು ಯೋಗ್ಯತೆಗೆ ಮೀರಿ ಹಣವನ್ನು ಹಾಕುವರೆಂದು ತೋರಿಸಿದನು. ಬುಕ್‌ಮೇಕರರ ದರಗಳಲ್ಲಿಯೂ ಇದೇ ಓರೆಯು ಕಂಡುಬಂದಿರುವುದು. ಇದಕ್ಕೆ ಅರ್ಥಶಾಸ್ತ್ರಜ್ಞನಾದ ಷಿನ್ ಎಂಬವನು ೧೯೯೦ರ ದಶಕದ ಆರಂಭದಲ್ಲಿ ಬೇರೊಂದು ಕಾರಣವನ್ನು ಸೂಚಿಸಿದನು. ಪಣವೊಡ್ಡುವವರಲ್ಲಿ ಒಳಗುಟ್ಟನ್ನು ತಿಳಿದ ಕೆಲವರು ಇರುವರೆಂಬ ಭಯವು ಬುಕ್‌ಮೇಕರನಿಗುಂಟು. ದೊಡ್ಡ ದರದ ಕುದುರೆಯ ಮೇಲೆ ಅಂಥವನು ಗೆದ್ದರೆ ನಷ್ಟವು ಅಪಾರ. ಆದುದರಿಂದ ಅಂತಹ ದರಗಳನ್ನು ಆತನು ಹೆಚ್ಚಾಗಿ ಕತ್ತರಿಸುವನು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಬ್ಬರ ಸ್ಪರ್ಧೆಯೊಂದರಲ್ಲಿ ದರಗಳು ೧.೨೦ ಮತ್ತು ೪.೫೦, ಶತಾಧಿಕವು ೫.೫೬, ಸಭಿಕಭಾಗವು ೫.೨೬. ಅವರ ನಿಜವಾದ ಸಂಭವಗಳು ೮೧ ಮತ್ತು ೧೯ ಆಗಿದ್ದರೆ, ಬಲಿಷ್ಠನ ಮೇಲೆ ನೂರನ್ನು ಒಡ್ಡಿದವನಿಗೆ ಸರಾಸರಿಯಲ್ಲಿ ಹಿಂದಿರುಗುವುದು ೯೭.೨, ದುರ್ಬಲನ ಮೇಲೆ ಒಡ್ಡಿದವನಿಗೆ ೮೫.೫. ಒಂದೇ ಪಟ್ಟಿಯಲ್ಲಿ ಒಬ್ಬನು ತೆತ್ತ ಭಾಗವು ೨.೮, ಇನ್ನೊಬ್ಬನು ತೆತ್ತುದು ೧೪.೫. ಸ್ವಲ್ಪ ಹಣದಿಂದ ಬಹಳ ಹಣವನ್ನು ಪಡೆಯುವ ಆಸೆಯಿಂದ ದೊಡ್ಡ ದರವನ್ನು ಹುಡುಕುವವನೇ, ಎಂದರೆ ಸಾಮಾನ್ಯವಾಗಿ ಕೈಯಲ್ಲಿ ಕಡಮೆಯಿರುವವನೇ, ಹೆಚ್ಚಿನ ಭಾಗವನ್ನು ತೆರುವನೆಂಬುದು ಇಲ್ಲಿ ಲಕ್ಷ್ಯದಲ್ಲಿಡತಕ್ಕ ಮಾತು. ಕಡಮೆ ಲಾಭದವನಿಂದ ಹತ್ತನೆಯ ಒಂದು ಪಾಲು, ಹೆಚ್ಚು ಲಾಭದವನಿಂದ ಇಪ್ಪತ್ತನೆಯ ಒಂದು ಪಾಲು ಎಂಬ ಹಳೆಯ ವಿಧಿಯೂ ಹೀಗೆಯೇ ಸಣ್ಣ ಆಟಗಾರನ ಮೇಲೆ ಭಾರವಾದುದು. ಆದರೆ ಅದು ಹೇಳಿ ತೆಗೆದುಕೊಂಡುದಾಗಿತ್ತು.

೭. ಅಗ್ಗದ ಅಂಗಡಿ, ತುಟ್ಟಿಯ ಅಂಗಡಿ

ಒಂದೇ ಪಂದ್ಯಕ್ಕೆ ಭಾಗಗಳು ಇಷ್ಟು ಬೇರೆಯಾಗಿರುವುದೇಕೆ ಎಂದರೆ, ವ್ಯಾಪಾರದ ರೀತಿಗಳೇ ಬೇರೆ. ೧೯೯೮ರಲ್ಲಿ ಸ್ಥಾಪಿತವಾದ ಪಿನಕಲ್ ಎಂಬ ಸಂಸ್ಥೆಯು ಸಣ್ಣ ಭಾಗ, ದೊಡ್ಡ ಪಣ ಎಂಬ ಕ್ರಮವನ್ನು ಹಿಡಿದು, ಗೆಲ್ಲುವವರನ್ನು ಹೊರಗಟ್ಟುವುದಿಲ್ಲವೆಂದು ಸಾರಿತು. ಬಲ್ಲವರ ಪಣವು ಯಾವ ಕಡೆಗೆ ಬೀಳುವುದೆಂಬುದನ್ನು ನೋಡಿ ದರವನ್ನು ತಿದ್ದಿಕೊಳ್ಳುವುದು ಇಂತಹ ಸಂಸ್ಥೆಗಳಿಗೆ ಉಪಕಾರವೇ ಸರಿ. ಜಾಹೀರಾತು, ಪ್ರೋತ್ಸಾಹದ ಉಚಿತ ಪಣ ಮೊದಲಾದುವುಗಳಿಂದ ಸಾಮಾನ್ಯ ಜನರನ್ನು ಸೆಳೆಯುವ ಸಂಸ್ಥೆಗಳಾದರೋ ಆ ವೆಚ್ಚವನ್ನು ದರದಿಂದಲೇ ಭರಿಸಬೇಕಾಗುವುದು. ಇವುಗಳಲ್ಲಿ ಅನೇಕವು ಒಳ್ಳೆಯ ದರವನ್ನೇ ಆರಿಸಿ ಆಡುವವನಿಗೆ ಪಣದ ಮಿತಿಯನ್ನು ಕೆಲವು ರೂಪಾಯಿಗಳಿಗೆ ಇಳಿಸುವುದುಂಟು. ಕೌನಿಟ್ಜ್, ಝಾಂಗ್, ಕ್ರೈನರ್ ಎಂಬ ಸಂಶೋಧಕರು ಬಹುಮಂದಿ ಬುಕ್‌ಮೇಕರರ ಸರಾಸರಿ ದರವನ್ನು ಆಧಾರವಾಗಿಟ್ಟುಕೊಂಡು, ಅದನ್ನು ಮೀರಿದ ದರವು ಎಲ್ಲಿ ದೊರೆಯುವುದೋ ಅಲ್ಲಿ ಪಣವೊಡ್ಡುವ ಕ್ರಮವನ್ನು ಪರೀಕ್ಷಿಸಿ ೨೦೧೭ರಲ್ಲಿ ಪ್ರಕಟಿಸಿದರು. ಕ್ರಮವು ಲಾಭವನ್ನು ಕೊಟ್ಟಿತು. ಆದರೆ ಕೆಲವೇ ತಿಂಗಳುಗಳಲ್ಲಿ ಬುಕ್‌ಮೇಕರರು ಅವರ ಪಣಗಳಿಗೆ ನಿರ್ಬಂಧವನ್ನು ಹಾಕಿದರು. ಆದುದರಿಂದ ಪ್ರಕಟಿಸಿದ ದರವೆಂಬುದು ಎಲ್ಲರಿಗೂ ಎಷ್ಟು ಬೇಕಾದರೂ ದೊರೆಯುವ ದರವೆಂದು ಭಾವಿಸತಕ್ಕುದಲ್ಲ.

ಹಳೆಯ ಸಭಿಕನನ್ನು ಬಹುಮಟ್ಟಿಗೆ ಹೋಲುವ ಸಂಸ್ಥೆಯು ೨೦೦೦ದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿತು. ಬೆಟ್‌ಫೇರ್ ಎಂಬ ಈ ವಿನಿಮಯಶಾಲೆಯಲ್ಲಿ ಆಟಗಾರರು ತಮ್ಮತಮ್ಮೊಳಗೇ ಪಣವೊಡ್ಡುವರು. ಸಂಸ್ಥೆಯು ಯಾವ ಪಕ್ಷವನ್ನೂ ವಹಿಸದೆ, ಗೆದ್ದವನ ನಿವ್ವಳ ಲಾಭದಲ್ಲಿ ಗೊತ್ತಾದ ಭಾಗವನ್ನು ಪಡೆಯುವುದು. ಅದು ಬಹುಕಾಲ ಸಾಮಾನ್ಯವಾಗಿ ವಿಧಿಸುತ್ತಿದ್ದ ದರವು ನೂರಕ್ಕೆ ೫, ಎಂದರೆ ಮಿತಾಕ್ಷರೆಯ ಇಪ್ಪತ್ತನೆಯ ಒಂದು ಪಾಲು. ಒಂದರಿಂದೊಂದು ಬಂದಿತೆಂದು ಇದರಿಂದ ಹೇಳಲಾಗದು. ಆದರೂ ಭಾಗವನ್ನು ಬಹಿರಂಗವಾಗಿ, ಗೆದ್ದವನಿಂದ ಮಾತ್ರ ಪಡೆಯುವ ಕ್ರಮವು ಎರಡು ಕಡೆಗಳಲ್ಲಿಯೂ ಒಂದೇ ಅಂಕಿಗೆ ಬಂದು ನಿಂತಿತೆಂಬುದು ಕುತೂಹಲಕರವಾದುದು.

೮. ಹೋಲಿಕೆಯ ಮಿತಿ

ಇಷ್ಟು ಲೆಕ್ಕದಿಂದ ಅಗ್ಗದ ಅಂಗಡಿಯನ್ನು ಆರಿಸಿದವನಿಗೆ ನಷ್ಟವು ಕಡಮೆಯಾಗುವುದು ನಿಶ್ಚಯವೇ ಎಂದರೆ, ಹಾಗೆ ಹೇಳುವಂತಿಲ್ಲ. ಸಭಿಕಭಾಗವು ಒಂದು ಪಣದ ಬೆಲೆ. ನಷ್ಟವಾದರೋ ಪಣಗಳ ಸಂಖ್ಯೆಯನ್ನೂ ಅವಲಂಬಿಸಿರುವುದು. ನೂರು ರೂಪಾಯಿಗಳನ್ನು ೫ರ ಭಾಗದ ಅಂಗಡಿಯಲ್ಲಿ ಹಿಂದಿರುಗಿದುದನ್ನೆಲ್ಲ ಮತ್ತೆ ಒಡ್ಡುತ್ತ ಹತ್ತು ಬಾರಿ ತಿರುಗಿಸಿದರೆ ಸರಾಸರಿಯಲ್ಲಿ ಉಳಿಯುವುದು ೫೯.೮೭. ಎರಡೂವರೆಯ ಭಾಗದ ಅಗ್ಗದ ಅಂಗಡಿಯಲ್ಲಿ ಮೂವತ್ತು ಬಾರಿ ತಿರುಗಿಸಿದರೆ ಉಳಿಯುವುದು ೪೬.೭೯. ಭಾಗವು ಅರ್ಧವಾದರೂ ನಷ್ಟವು ಹೆಚ್ಚಾಯಿತು. ಹಿಂದೆ ಪಂದ್ಯದ ದಿನವನ್ನು ಕಾದು ಮೈದಾನಕ್ಕೆ ಹೋಗಬೇಕಾಗಿದ್ದ ಆಟಗಾರನು ಈಗ ಕೈಯಲ್ಲಿರುವ ಫೋನಿನಿಂದ ಒಂದೇ ಕ್ರಿಕೆಟ್ ಪಂದ್ಯದ ನಡುವೆ ಮೂವತ್ತು ಪಣಗಳನ್ನು ಒಡ್ಡಬಲ್ಲನೆಂಬುದನ್ನು ನೆನೆದರೆ ಈ ಲೆಕ್ಕದ ಗೌರವವು ಮನದಟ್ಟಾಗುವುದು. ಹಲವು ಪಂದ್ಯಗಳನ್ನು ಹೆಣೆದು ಎಲ್ಲವೂ ಗೆದ್ದರೆ ಮಾತ್ರ ಹಣ ಬರುವ ಕೂಡುಪಣದಲ್ಲಿಯೂ ಇದೇ ನ್ಯಾಯವು. ೫ರ ಭಾಗದ ನಾಲ್ಕು ಪಂದ್ಯಗಳನ್ನು ಹೆಣೆದರೆ ಒಟ್ಟು ಭಾಗವು ಸುಮಾರು ೧೮.೫.

ಭಾರತದಲ್ಲಿ ಈ ವಿಚಾರವು ಈಗ ಅಂಗಡಿಯನ್ನು ಆರಿಸುವ ವಿಚಾರವಾಗಿ ಉಳಿದಿಲ್ಲ. ೧೮೬೭ರ ಜೂಜಿನ ಕಾಯಿದೆಯು ಜೂಜಿನ ಮನೆಗಳನ್ನು ಕುರಿತುದಾಗಿತ್ತು. ೨೦೨೫ರ ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟು ಅಂಗೀಕರಿಸಿ ಅದೇ ತಿಂಗಳ ೨೨ರಂದು ರಾಷ್ಟ್ರಪತಿಗಳ ಅನುಮತಿಯನ್ನು ಪಡೆದ ಕಾಯಿದೆಯು ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳನ್ನು ನಡೆಯಿಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಬ್ರಿಟನ್ನು ಯಾಜ್ಞವಲ್ಕ್ಯನ ದಾರಿಯನ್ನೂ, ಭಾರತವು ಈ ಅಂಶದಲ್ಲಿ ಮನುವಿನ ದಾರಿಯನ್ನೂ ಹಿಡಿದಂತಾಯಿತು. ಎರಡರಲ್ಲಿ ಯಾವುದು ಮೇಲೆಂಬ ಚರ್ಚೆಯು ಪ್ರಕೃತ ವಿಷಯಕ್ಕೆ ಸೇರಿದುದಲ್ಲ. ಆದರೆ ನಿಷೇಧದಿಂದ ಲೆಕ್ಕವು ನಿರರ್ಥಕವಾಗುವುದಿಲ್ಲ. ಪರದೇಶದಲ್ಲಿ ಕುಳಿತು ಕದ್ದು ವ್ಯಾಪಾರ ಮಾಡುವ ಸಭಿಕನು ತನ್ನ ಭಾಗವನ್ನು ಮೊದಲಿಗಿಂತ ಹೆಚ್ಚು ಮಾಡಿದರೂ ಕೇಳುವವರಿಲ್ಲ. ಅದೃಷ್ಟವು ಕೈಕೊಟ್ಟುದರಿಂದ ಸೋತೆನೆಂದು ನಂಬಿರುವ ಯುವಕನಿಗೆ, ದರವನ್ನು ಭಾಗಿಸಿ ಕೂಡಿಸುವ ಈ ಅಲ್ಪ ಗಣಿತವನ್ನು ಕಲಿಸಿದರೆ, ಸೋಲಿನ ಒಂದು ಭಾಗವು ಪಂದ್ಯಕ್ಕೆ ಮುಂಚೆಯೇ ದರದೊಳಗೆ ಬರೆದಿತ್ತೆಂಬುದನ್ನು ಆತನೇ ಲೆಕ್ಕ ಹಾಕಿ ನೋಡಬಲ್ಲನು. ಸಭಿಕನಿಗೆ ಇಂತಿಷ್ಟು ಎಂದು ಸ್ಮೃತಿಕಾರರು ಬಾಯಿಬಿಟ್ಟು ವಿಧಿಸಿದುದನ್ನು ಈಗಿನ ದರದ ಪಟ್ಟಿಯಿಂದ ತಿಳಿದುಕೊಳ್ಳಲು ಇದಕ್ಕಿಂತ ಬೇರೆ ಸಾಧನವಿಲ್ಲ.